ಇದ್ದಿಲು ಬಸ್ಸಿನ ಲೈಸೆನ್ಸು

ಚಿಕ್ಕಮಲ್ಲಮ್ಮ ಬಲಗೈ ಸೋತಾಗ ಎಡಗೈಗೆ ಹಿಡಿ ಬದಲಾಯಿಸಿಕೊಂಡು ಗಾಳಿಚಕ್ರವನ್ನು ತಿರುಗಿಸುತ್ತಲೇ ಇದ್ದಳು. ಬಸ್ಸಿನ ಬೆನ್ನಿಗೆ ಕಟ್ಟಿದ್ದ ಉದ್ದನೆಯ ಡ್ರಮ್ಮಿನೊಳಗೆ ಇದ್ದಿಲು ಇನ್ನೂ ಪೂರ್ತಿ ಕೆಂಡವಾಗಿರಲಿಲ್ಲ. ಅರ್ಧ ಗಂಟೆ ಹೀಗೆ ಗಾಳಿ ಹಾಕಿದರೆ ಅದರ ಹೊಗೆ ಗ್ಯಾಸಾಗಿ ಇಂಜಿನ್ನಿಗೆ ಇಳಿಯುತ್ತದೆ. ಆಮೇಲೆ ಬಸ್ಸು ಎರಡು ಸಲ ಕೆಮ್ಮಿ, ಒಂದು ಸಲ ಸೀನಿ, ಹೊರಡುತ್ತದೆ. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಿದ್ದಾಗ ಸುತ್ತಮುತ್ತಲ ಬಸ್ಸುಗಳಿಗೆ ಇಂಥ ಡ್ರಮ್ಮು ಕಟ್ಟಿಸಿದ್ದರು. ಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು. ಉಳಿದವರೆಲ್ಲ ಅದನ್ನು ಕಿತ್ತು ಗುಜರಿಗೆ ಹಾಕಿದರೂ ಅವಳ ಗಂಡ ಮರಿಮಲ್ಲಪ್ಪ ಮಾತ್ರ, "ಯುದ್ಧ ಇನ್ನೊಂದ್ಸಲ ಬತ್ತದೆ, ಇರ್ಲಿ ಬುಡು" ಎಂದು ಉಳಿಸಿಕೊಂಡಿದ್ದ.

ಗುಂಡ್ಲುಪೇಟೆಗೆ ಬಂದ ಮೊದಲ ಬಸ್ಸು ಅದು. ಈಗ ದಿನದ ಓಡಾಟಕ್ಕೆ ಹೊಸ ಬಸ್ಸುಗಳಿದ್ದವು. ಇದಕ್ಕೆ ಉಳಿದದ್ದು ಮದುವೆ ದಿಬ್ಬಣ ಮಾತ್ರ. ಈ ಬಸ್ಸಿನಲ್ಲಿ ಗಂಡನ ಮನೆಗೆ ಹೋದ ಹುಡುಗಿ ಮುನಿಸಿಕೊಂಡು ತವರಿಗೆ ಹಿಂದಿರುಗಿದ್ದಿಲ್ಲವೆಂದು ತಾಲ್ಲೂಕಿನ ಜನ ನಂಬಿದ್ದರು. ಹಿಂದಿರುಗಿದವರು ಬೇರೆ ಬಸ್ಸು ಹತ್ತಿ ಬಂದಿರಬೇಕು. ಅಂತೂ ವೈಶಾಖದಲ್ಲಿ ಹನ್ನೊಂದು ಮದುವೆಗಳು ನಿಶ್ಚಯವಾಗಿದ್ದವು. ಅಷ್ಟರಲ್ಲಿ ಮರಿಮಲ್ಲಪ್ಪನ ಲೈಸೆನ್ಸು ಮುಗಿದುಹೋಗಿತ್ತು. ಅವನಿಗೆ ಅರವತ್ತಮೂರು. ಅರವತ್ತು ದಾಟಿದವರು ಡಾಕ್ಟರ ಸರ್ಟಿಫಿಕೇಟು ತಂದು, ಇನ್ಸ್‌ಪೆಕ್ಟರ ಮುಂದೆ ಬಸ್ಸು ಓಡಿಸಿ ತೋರಿಸಬೇಕೆಂದು ಕಾಗದ ಬಂದಿತ್ತು.

ಇವತ್ತು ಚಾಮರಾಜನಗರದಲ್ಲಿ ಪರೀಕ್ಷೆ. ಲೈಸೆನ್ಸಿಲ್ಲದೆ ಬಸ್ಸು ಓಡಿಸುವಂತಿರಲಿಲ್ಲ. ಪರೀಕ್ಷೆಗೆ ಬಸ್ಸನ್ನು ಓಡಿಸಿಕೊಂಡೇ ಬರಬೇಕಿತ್ತು. ಇದರ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಮಲ್ಲಮ್ಮ ಕೆಡಿಸಿಕೊಂಡಿದ್ದು ಬೇರೆ ವಿಷಯಕ್ಕೆ. ಗಂಡನಿಗೆ ಕಣ್ಣು ಕಾಣುವುದಿಲ್ಲವೆಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಆರು ವರ್ಷದ ಹಿಂದೆ ಹಂಗಳದ ದಾರಿಯಲ್ಲಿ ಅವನು ಬಸ್ಸು ನಿಧಾನಿಸಿ, ಹೊಲದಲ್ಲಿದ್ದ ಬೆದರುಗೊಂಬೆಗೆ, "ಶರಣು ಗೌಡ್ರೆ, ಬೆಳೆ ಎಂಗದೆ?" ಎಂದು ಕೇಳಿದ್ದ. ಉತ್ತರ ಬಾರದ್ದಕ್ಕೆ, "ದುರಹಂಕಾರ ನೋಡು" ಎಂದು ಗೊಣಗಿ ಮುಂದೆ ಹೋದ. ಮಲ್ಲಮ್ಮ ನಗಲಿಲ್ಲ. ಮಾರನೆಯ ದಿಬ್ಬಣದಿಂದ ಡ್ರೈವರ್ ಸೀಟಿನ ಹಿಂದೆಯೇ ಕೂತಳು. ಗಂಡನಿಗೆ, ಅದೂ ಜನರೆದುರಿಗೆ, ಎಡಕ್ಕೆ ತಿರುಗಿಸು ಬಲಕ್ಕೆ ತಿರುಗಿಸು ಅನ್ನುವುದು ಹೇಗೆ? ಪಕ್ಕದಲ್ಲಿ ಕೂತ ನೆರೆಮನೆಯ ರಾಚಮ್ಮನಿಗೆ ಹೇಳಿದಳು: "ಅಗಳೇ ರಾಚಿ, ಮುಂದ್ಗಡೆ ಎತ್ತಿನ ಗಾಡಿ ಓಯ್ತಾ ಅದೆ. ಎಡಗಡೆ ಚಕ್ರ ಅಲ್ಲಾಡ್ತದೆ. ಬಲಗಡೇನೇ ವಾಸಿ." ಬಸ್ಸು ಬಲಕ್ಕೆ ಸರಿಯಿತು.

ಅಂದಿನಿಂದ ಅವಳು ದಾರಿಯುದ್ದಕ್ಕೂ ಮಾತಾಡಿದಳು. ಹುಣಸೆಮರ ಬಂತೆಂದರೆ ತಿರುವು, ಯಾರದೋ ಕೆರೆ ಏರಿಯ ನೆನಪಾಯಿತೆಂದರೆ ಇಳಿಜಾರು. ಎಮ್ಮೆಗಳ ಮೈಬಣ್ಣ, ಮೋರಿಯ ಕಲ್ಲು, ನಡುರಸ್ತೆಯಲ್ಲಿ ರಾಗಿ ಒಣಹಾಕಿದ ಹೆಂಗಸಿನ ಸೊಕ್ಕು, ಒಂದನ್ನೂ ಬಿಡಲಿಲ್ಲ. ಹುಟ್ಟಿನಿಂದ ಮಾತು ಕಡಿಮೆಯವಳು. ಈಗ ತಾಲ್ಲೂಕಿಗೆಲ್ಲ ಬಾಯಿಬಡುಕಿಯೆಂದು ಹೆಸರಾದಳು. ಮನೆಗೆ ಬಂದರೆ ಅವಳಲ್ಲಿ ಒಂದು ಪದವೂ ಉಳಿದಿರುತ್ತಿರಲಿಲ್ಲ. ತನ್ನದೆಂದು ಹೇಳಿಕೊಳ್ಳುವ ಮಾತುಗಳನ್ನೆಲ್ಲ ಎಮ್ಮೆಗಳು ತಿಂದುಹಾಕಿವೆ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು. ಈ ಏರ್ಪಾಡಿನ ಬಗ್ಗೆ ಗಂಡಹೆಂಡಿರು ಒಮ್ಮೆಯೂ ಮಾತಾಡಿರಲಿಲ್ಲ.

ಲೈಸೆನ್ಸು ಸಿಗದಿದ್ದರೆ ಅವಳು ಸುಮ್ಮನಿರಬಹುದು. ಆದರೆ ಸ್ಟೇರಿಂಗ್ ಇಲ್ಲದ ಮರಿಮಲ್ಲಪ್ಪ ಹೇಗಿರುತ್ತಾನೆಂದು ಅವಳಿಗೆ ಊಹಿಸಲೂ ಆಗುತ್ತಿರಲಿಲ್ಲ. ಊಟಕ್ಕೆ ಕೂತರೂ ಅವನು ತಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಒಂದಿಷ್ಟು ತಿರುಗಿಸಿಯೇ ತುತ್ತು ಎತ್ತುವವನು. ಹಾಗಾಗಿ ಅವಳು ದೇವರೆದುರು ನಿಂತಾಗ ಏನು ಬೇಡಬೇಕೆಂದು ತಿಳಿಯದೆ ಬರಿದೆ ಕೈಮುಗಿದು ಬಂದಿದ್ದಳು.

ಡಾಕ್ಟರಲ್ಲೇ ಎಲ್ಲ ಮುಗಿಯುತ್ತದೆಂದುಕೊಂಡಿದ್ದಳು. ಹಾಗಾಗಲಿಲ್ಲ. ಡಾಕ್ಟರು ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರಗಳ ಹಲಗೆ ತೋರಿಸಿ, "ಓದಯ್ಯ" ಎಂದಿದ್ದರು.

"ನಮ್ಗೆ ಇಂಗ್ಲೀಸು ಬರಾಕಿಲ್ಲ ಬುದ್ಧಿ" ಎಂದ ಮರಿಮಲ್ಲಪ್ಪ. ಅವನಿಗೆ ಗೋಡೆಯೂ ಕಾಣುತ್ತಿರಲಿಲ್ಲ.

"ಒಂದಕ್ಷರಾನೂ ಬರೋದಿಲ್ವೆ?"

"ನಮ್ಮಪ್ಪಂಗೂ ಬತ್ತಿರ್ನಿಲ್ಲ."

ಡಾಕ್ಟರು ಪ್ರಾಮಾಣಿಕರು. 'ಅರ್ಜಿದಾರನಿಗೆ ಇಂಗ್ಲಿಷ್ ಬಾರದು. ಮಿಕ್ಕಂತೆ ಆರೋಗ್ಯವಂತ' ಎಂದು ಬರೆದು ಮೊಹರು ಒತ್ತಿದರು.

ಡ್ರಮ್ಮು ಗುರುಗುಟ್ಟಿತು. ಮಲ್ಲಮ್ಮ ಸೆರಗಿನಿಂದ ಮಸಿ ಒರೆಸಿಕೊಂಡು ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಆಗಲೇ ಇಪ್ಪತ್ತಾರು ಜನ ಕೂತಿದ್ದರು. ಇಂಥ ಗಾಡಿಗೆ ಯಾವ ಫಾರಂ ಎಂದು ಯಾರಿಗೂ ತಿಳಿಯದೆ, ಲೈಸೆನ್ಸು ಕಚೇರಿಯ ಗುಮಾಸ್ತ ಕರಿಬಸವಯ್ಯ ಹಳೆಯ ಪೆಟ್ಟಿಗೆಯಿಂದ ಹಬೆಗಾಡಿಗಳ ಕಾಲದ ಫಾರಂ ಹುಡುಕಿ ಕಳಿಸಿದ್ದ. ಗಾಡಿ ಪೂರ್ತಿ ಭರ್ತಿಯಾಗಿರಬೇಕು, ಬೆಂಕಿ ನೋಡಿಕೊಳ್ಳಲು ಒಬ್ಬರಿರಬೇಕು ಎಂದು ಅದರಲ್ಲಿತ್ತು. ಬೆಂಕಿಗೆ ಮಲ್ಲಮ್ಮ. ಭರ್ತಿಗೆ, ಬರುವ ಶುಕ್ರವಾರ ಮಗಳ ದಿಬ್ಬಣವನ್ನು ಸಂತೆಮರಹಳ್ಳಿಗೆ ಒಯ್ಯಬೇಕಿದ್ದ ಗುರುಮಲ್ಲಯ್ಯ ತನ್ನ ನೆಂಟರನ್ನೆಲ್ಲ ಕರೆತಂದಿದ್ದ. ರಾಚಮ್ಮ ಎಲೆಅಡಿಕೆ ಚೀಲದ ಸಮೇತ ತನ್ನ ಮಾಮೂಲು ಜಾಗದಲ್ಲಿದ್ದಳು.

ಚಾಮರಾಜನಗರದ ಮುಸಾಫಿರ ಬಂಗಲೆಯ ಮುಂದೆ ಇನ್ಸ್‌ಪೆಕ್ಟರು ಕಾಯುತ್ತಿದ್ದರು. ಮೈಸೂರಿನವರು, ಬಿಳಿ ಷರಾಯಿ, ಇನ್ನೂ ಮೂವತ್ತು ತುಂಬದ ವಯಸ್ಸು. ಬಸ್ಸನ್ನು ಒಂದು ಸುತ್ತು ನೋಡಿ ಬಂದು, ಫಾರಂ ಓದಿದರು.

"ಅರ್ಜಿದಾರ ಒಂದು ಮಣ ಕಲ್ಲಿದ್ದಲು ಎತ್ತಬಲ್ಲನೆ?"

"ಎತ್ತುತನೆ" ಎಂದಿತು ಇಡೀ ಬಸ್ಸು.

"ಕುದುರೆಗಳು ಬೆದರಿದರೆ ಗಾಡಿ ನಿಲ್ಲಿಸುವನೆ?"

"ಕುದುರೆ ಎಲ್ಲವೆ ಸ್ವಾಮಿ?" ಎಂದ ಗುರುಮಲ್ಲಯ್ಯ.

"ಇದ್ದರೆ ಅಂತ ಬರೆದಿದೆ ಕಣ್ರೀ."

"ಇದ್ರೆ ನಿಲ್ಲಿಸ್ತನೆ ಬುಡಿ."

ಇನ್ಸ್‌ಪೆಕ್ಟರು ಎಲ್ಲಕ್ಕೂ ಗುರುತು ಹಾಕಿ, ಡ್ರೈವರ್ ಪಕ್ಕದಲ್ಲಿ ಬಂದು ಕೂತರು. ಆಮೇಲೆ ಹಿಂದಕ್ಕೆ ತಿರುಗಿ ಹೇಳಿದರು: "ಪರೀಕ್ಷೆ ಮುಗಿಯೋವರೆಗೆ ಯಾರೂ ಮಾತಾಡಬಾರದು. ಉಸಿರೂ ಕೇಳಬಾರದು."

ಬಸ್ಸು ಸ್ತಬ್ಧವಾಯಿತು. ಇಂಜಿನ್ನು ಮಾತ್ರ ಗಡಗಡಿಸುತ್ತಿತ್ತು. ಮರಿಮಲ್ಲಪ್ಪ ಎರಡೂ ಕೈ ಸ್ಟೇರಿಂಗ್ ಮೇಲಿಟ್ಟು ಕೂತ. ಬಸ್ಸು ಕದಲಲಿಲ್ಲ.

"ಹೊರಡಿ" ಎಂದರು ಇನ್ಸ್‌ಪೆಕ್ಟರು.

ಅವನು ಹೊರಡಲಿಲ್ಲ.

ಮಲ್ಲಮ್ಮ ಬಾಯಿ ಮುಚ್ಚಿಕೊಂಡಿದ್ದಳು. ಆರು ವರ್ಷದಲ್ಲಿ ಮೊದಲ ಸಲ ತನ್ನ ದನಿಯ ಅಡ್ಡಿಯಿಲ್ಲದೆ ಬಸ್ಸಿನ ಸದ್ದನ್ನು ಕೇಳುತ್ತಿದ್ದಳು. ಅದರಲ್ಲಿ ಒಂದು ಲಯವಿತ್ತು, ರಾಗಿ ಬೀಸುವ ಕಲ್ಲಿನ ಹಾಗೆ. ಕಿಟಕಿಯಾಚೆ ಒಬ್ಬ ಹೆಂಗಸು ತಲೆಯ ಮೇಲೆ ಕುಂಬಳಕಾಯಿ ಹೊತ್ತು ಹೋಗುತ್ತಿದ್ದಳು. ಅವಳನ್ನು ಸುಮ್ಮನೆ ನೋಡಬಹುದಾಗಿತ್ತು, ಯಾರಿಗೂ ವರದಿ ಒಪ್ಪಿಸಬೇಕಿರಲಿಲ್ಲ. ಇನ್ನೊಂದು ಗಳಿಗೆ ಹೀಗೇ ಇದ್ದರೆ ಎಲ್ಲ ತಾನಾಗಿಯೇ ಮುಗಿದುಹೋಗುತ್ತದೆ. ತಾನೇನೂ ಮಾಡಿದಂತಾಗುವುದಿಲ್ಲ. ಸರ್ಕಾರವೇ ಸುಮ್ಮನಿರು ಎಂದಿದೆ.

ಮರಿಮಲ್ಲಪ್ಪನ ಕತ್ತು ಅವಳ ಕಣ್ಣ ಮುಂದೆಯೇ ಇತ್ತು. ನೆರೆಗೂದಲಿನ ಕೆಳಗೆ ಬೆವರಿಳಿಯುತ್ತಿತ್ತು. ಅವನ ಬಲಗಿವಿ ಹಿಂದಕ್ಕೆ, ಅವಳತ್ತ, ಒಂದಿಷ್ಟು ವಾಲಿತ್ತು.

"ಯಾಕಮ್ಮಿ," ಎಂದ ಅವನು ತಿರುಗದೆ, "ಮೈ ಉಸಾರಿಲ್ವ?"

ಅಷ್ಟರಲ್ಲಿ ಗುರುಮಲ್ಲಯ್ಯ ಎದ್ದೇಬಿಟ್ಟ. "ಸ್ವಾಮಿ, ಮಲ್ಲಮ್ಮಕ್ಕ ಮಾತಾಡ್ದೆ ಈ ಬಸ್ಸು ಒಂಟಿದ್ದೇ ಇಲ್ಲ. ಅಪಶಕುನ ಕಣ್ರಾ. ಎಣ್ಣು ಮಗೀನ ಮದ್ವೆ ಮಡಿಕೊಂಡಿವ್ನಿ."

"ಮಾತಾಡಿದರೆ ಡ್ರೈವರ್ ಗಮನ ಕೆಡೋದಿಲ್ವೇನ್ರೀ?"

"ಅವಯ್ಯ ಕೇಳ್ಸ್ಕಂಡ್ರೆ ತಾನೆ!" ಎಂದಳು ರಾಚಮ್ಮ. "ಕಟ್ಕಂಡೋಳ ಮಾತ ಯಾವ ಗಂಡ್ಸು ಕೇಳ್ತನೆ ಬುದ್ಧಿ? ನಾವೂ ಕೇಳಾಕಿಲ್ಲ. ಮಳೆ ಉಯ್ದಂಗೆ ಅಷ್ಟೆ."

ಬಸ್ಸೆಲ್ಲ ನಕ್ಕಿತು. ಇನ್ಸ್‌ಪೆಕ್ಟರೂ ನಕ್ಕು, "ಸರಿ, ಮಾತಾಡಮ್ಮ" ಎಂದರು.

ಮಲ್ಲಮ್ಮ ಒಂದು ಸಲ ಉಸಿರೆಳೆದುಕೊಂಡಳು.

"ಕುಂಬಳಕಾಯಿ ಒತ್ಕಂಡೋಳು ದಾಟುದ್ಲು ಕಣೆ ರಾಚಿ, ಇನ್ನು ದಾರಿ ಬಯಲು" ಎಂದಳು. ಬಸ್ಸು ಸೀನಿ ಹೊರಟಿತು.

ಪೇಟೆ ಬೀದಿ ತುಂಬಿತ್ತು. ಸೌದೆ ಗಾಡಿ, ಜಟಕಾ, ಬಟ್ಟೆ ಅಂಗಡಿಯ ಮುಂದೆ ಮಲಗಿದ್ದ ಬಸವ. ಅವಳು ಒಂದೊಂದನ್ನೂ ಹೆಸರು ಹಿಡಿದು ಬೈದು, ಹೊಗಳಿ, ಅದರ ವಂಶ ಕೇಳಿ ಮುಂದೆ ಸಾಗಿದಳು. ಮೊದಲ ತಿರುವಿನಲ್ಲೇ ಡ್ರಮ್ಮು ಕೆಮ್ಮಿತು. ಮಸಿ ಕಿಟಕಿಯಿಂದ ಒಳನುಗ್ಗಿ ಇನ್ಸ್‌ಪೆಕ್ಟರ ಎರಡೂ ಕಣ್ಣಿಗೆ ಬಿತ್ತು. ಅವರು ಕರವಸ್ತ್ರ ಒತ್ತಿಕೊಂಡು ಕೂತರು. ಹೀಗೆ ಪರೀಕ್ಷೆ ಸಾಗಿತು: ಓಡಿಸುವವನಿಗೆ ಕಾಣದು, ಪರೀಕ್ಷೆ ಮಾಡುವವರಿಗೆ ಕಾಣದು.

"ಈ ಬಸವಂಗೆ ಎಡಗಡೆ ಕೊಂಬು ಮುರ್ದದಲ್ಲೇ. ಕಾಲು ರಸ್ತೆಗೆ ಚಾಚವ್ನೆ. ನಮ್ಮ ಮಾವನೂ ಇಂಗೇ ಮಲಗೋರು, ಬಲಗಡೆಯಿಂದ ಸುತ್ತಾಕ್ಕಂಡು ಓಗ್ಬೇಕಾಗಿತ್ತು... ಸ್ಕೂಲು ಬುಟ್ರು ಅಂತ ಕಾಣ್ತದೆ, ಮಕ್ಕಳು ಮಂದೆಮಂದೆಯಾಗಿ ನಿಂತವೆ. ನಿಲ್ಲೋದೇ ವಾಸಿ ಕಣೆ... ಓದ್ವು. ಕೊನೇದೊಂದು ಹಿಂದಿಕ್ಕೆ ಬಂತು, ಬಳಪ ಬಿದ್ದೋಗದೆ. ಎತ್ಕತ್ತು. ಓಯ್ತು."

ಇನ್ಸ್‌ಪೆಕ್ಟರ ಕರವಸ್ತ್ರ ನಿಧಾನವಾಗಿ ಕೆಳಗಿಳಿಯಿತು. ಆದರೆ ಅವರು ಕಣ್ಣು ತೆರೆಯಲಿಲ್ಲ. ಮುಚ್ಚಿದ ಕಣ್ಣಲ್ಲೇ ಅವರ ತಲೆ ಎಡಕ್ಕೆ ಬಲಕ್ಕೆ ಬಸ್ಸಿನ ಜೊತೆಗೆ ಆಡುತ್ತಿತ್ತು. ಒಂದು ಮೋರಿಯ ಹತ್ತಿರ, ಮಲ್ಲಮ್ಮ ಹೇಳಿದೊಡನೆ, ಬಸ್ಸಿಗಿಂತ ಮೊದಲೇ ಅವರ ಕಾಲು ಇಲ್ಲದ ಬ್ರೇಕನ್ನು ಒತ್ತಿತು.

ಬಂಗಲೆಗೆ ಹಿಂದಿರುಗಿದ ಮೇಲೆ ಅವರು ಕೂಡಲೇ ಇಳಿಯಲಿಲ್ಲ. ಮರಿಮಲ್ಲಪ್ಪನ ಮುಖವನ್ನು, ಆಮೇಲೆ ಮಲ್ಲಮ್ಮನ ಮುಖವನ್ನು ನೋಡಿದರು.

"ಎಷ್ಟು ವರ್ಷ ಆಯ್ತಮ್ಮ?"

"ಮದ್ವೆಯಾಗಿ ನಲವತ್ತೆರಡು" ಎಂದಳು ಮಲ್ಲಮ್ಮ, ಬೇರೆ ಪ್ರಶ್ನೆಯೆಂದು ಗೊತ್ತಿದ್ದರೂ.

ಇನ್ಸ್‌ಪೆಕ್ಟರು ಮೇಜಿಗೆ ಹೋಗಿ ಬಹಳ ಹೊತ್ತು ಬರೆದರು. ಕರಿಬಸವಯ್ಯ ಲೈಸೆನ್ಸು ತಂದು, ಓದಲು ಬಾರದವರಿಗಾಗಿ ಜೋರಾಗಿ ಓದಿದ: "ಮೂರು ವರ್ಷಕ್ಕೆ ನವೀಕರಿಸಲಾಗಿದೆ. ಕನ್ನಡಕದವರಿಗೆ ಕನ್ನಡಕದ ಷರತ್ತು ಹಾಕುವಂತೆ, ಇವರಿಗೆ ಈ ಷರತ್ತು. ಪತ್ನಿ ಗಾಡಿಯಲ್ಲಿದ್ದು ಮಾತಾಡುತ್ತಿರುವಾಗ ಮಾತ್ರ ಈ ಲೈಸೆನ್ಸು ಸಿಂಧು."

ಗುರುಮಲ್ಲಯ್ಯ ಕೇಕೆ ಹಾಕಿದ. "ನೋಡುದ್ರಾ! ಶಕುನ ಅಂದ್ರೆ ಸರ್ಕಾರನೂ ಒಪ್ಕತ್ತು!" ರಾಚಮ್ಮ, "ಮೂರು ವರ್ಸ ನನ್ ಕಿವಿ ಕತೆ ಮುಗೀತು" ಎಂದು ಹಣೆ ಬಡಿದುಕೊಂಡಳು. ಕಣ್ಣಿನ ವಿಚಾರ ಯಾರ ತಲೆಗೂ ಹೊಳೆಯಲಿಲ್ಲ.

ಮರಿಮಲ್ಲಪ್ಪನಿಗೆ ಹೊಳೆದಿತ್ತು. ಕಾಗದವನ್ನು ಮಡಿಸಿ ಜೇಬಿಗಿಟ್ಟ. ಅವನು ನಗಲಿಲ್ಲ, ಹೆಂಡತಿಯ ಕಡೆ ತಿರುಗಲೂ ಇಲ್ಲ. "ಬೆಂಕಿ ನೋಡ್ಕೊ ಓಗು" ಎಂದ, ಎಂದಿಗಿಂತ ಮೆಲ್ಲಗೆ.

ಬಸ್ಸು ಗುಂಡ್ಲುಪೇಟೆಯ ಕಡೆ ಹೊರಟಿತು. ಮಲ್ಲಮ್ಮ ಎಂದಿನಂತೆ ಮಾತಾಡುತ್ತಿದ್ದಳು. ಮನಸ್ಸು ಮಾತ್ರ ಬೇರೆ ಕಡೆಗಿತ್ತು. ಇನ್ನು ಮೂರು ವರ್ಷ. ಈಗ ಬಾಯಿ ಮುಚ್ಚಿದರೆ ಕಾನೂನು ಮುರಿದಂತೆ. ಅವಳಿಗೆ ನಗು ಬಂತು, ಅದರ ಹಿಂದೆಯೇ ದಣಿವೂ ಬಂತು.

ತೆರಕಣಾಂಬಿ ಬಂತು. ರಸ್ತೆಗೆ ಮುಖ ಮಾಡಿದ ಅವಳ ತವರುಮನೆ ಮುಂದಿನ ತಿರುವಿನಲ್ಲಿತ್ತು. ಐದು ವರ್ಷದ ಹಿಂದೆ ಒಂದು ದಿಬ್ಬಣದ ದಿನ, ಅವ್ವ ಅನ್ನ ಬಿಟ್ಟಿದ್ದಾಳೆಂದು ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಮದುಮಗಳನ್ನು ಕೂರಿಸಿಕೊಂಡ ಬಸ್ಸು ನಡುದಾರಿಯಲ್ಲಿ ನಿಲ್ಲುವ ಪದ್ಧತಿಯಿಲ್ಲ. ಮಾರನೆಯ ದಿನ ಹೋದರಾಯಿತೆಂದು ಹೊರಟಿದ್ದರು. ಅವ್ವನನ್ನು ಯಾರೋ ಜಗಲಿಗೆ ತಂದು ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಬಸ್ಸಿನ ಸದ್ದಿಗೆ ಅವಳು ಕೈ ಎತ್ತಿದಳು. ಮಲ್ಲಮ್ಮ ನೋಡಿದಳು. ನೋಡಿ, "ಜಗಲಿ ಮೇಲೆ ಯಾರೋ ವಯಸ್ಸಾದೋರು ಕೂತವ್ರೆ, ಮುಂದ್ಕೆ ಹಳ್ಳ ಅದೆ" ಎಂದಿದ್ದಳು. ಅವ್ವ ಎಂದಿದ್ದರೆ, ಅವನಿಗೆ ತನ್ನ ಅತ್ತೆಯ ಮುಖವೂ ಕಾಣಲಿಲ್ಲವೆಂದು ಅವನೇ ಒಪ್ಪಿಕೊಳ್ಳಬೇಕಾಗುತ್ತಿತ್ತು. ಮಾರನೆಯ ದಿನ ಅವರು ಹೋಗುವಷ್ಟರಲ್ಲಿ ಗುಂಡಿ ತೋಡಿಯಾಗಿತ್ತು. "ಇದೇ ದಾರೀಲಿ ಬಂದ್ವಲ್ಲಮ್ಮಿ, ಒಂದ್ಸಲ ಕಣ್ಗೆ ಬೀಳ್ನಿಲ್ವಲ್ಲ" ಎಂದು ಮರಿಮಲ್ಲಪ್ಪ ಅತ್ತಿದ್ದ. ತಾನು ಕಂಡದ್ದನ್ನು ಅವಳು ಅವತ್ತೂ ಮುಚ್ಚಿಟ್ಟಿದ್ದಳು.

ಈಗ ಬಚ್ಚಿಡಲು ಏನು ಉಳಿದಿತ್ತು? ಕಣ್ಣಿನ ವಿಷಯ ಮೊಹರು ಹಾಕಿಸಿಕೊಂಡು ಅವನ ಜೇಬಿನಲ್ಲೇ ಕೂತಿತ್ತು. ಹೆಂಡತಿ ಮಾತಾಡಬೇಕೆಂದು ಬರೆದಿದ್ದರು. ಎಮ್ಮೆಯ ವಿಷಯವನ್ನೇ ಮಾತಾಡಬೇಕೆಂದು ಎಲ್ಲೂ ಬರೆದಿರಲಿಲ್ಲ.

ಶುಕ್ರವಾರ ಗುರುಮಲ್ಲಯ್ಯನ ಮಗಳನ್ನು ಸಂತೆಮರಹಳ್ಳಿಯಲ್ಲಿ ಇಳಿಸಿ ಇದೇ ದಾರಿಯಲ್ಲಿ ಬರಿಬಸ್ಸಿನಲ್ಲಿ ಹಿಂದಿರುಗುವಾಗ, ಮದುವೆ ಊಟಕ್ಕೆ ಅಲ್ಲೇ ಉಳಿಯುವ ರಾಚಮ್ಮನೂ ಇರುವುದಿಲ್ಲ. ಈ ಮನೆಯ ಮುಂದೆ ನಿಲ್ಲಿಸಿ ಎನ್ನುತ್ತೇನೆ, ಅಂದುಕೊಂಡಳು ಮಲ್ಲಮ್ಮ. ಅವತ್ತು ಜಗಲಿಯ ಮೇಲೆ ಕೂತಿದ್ದವರು ಯಾರೆಂದು ಹೇಳುತ್ತೇನೆ. ಅಲ್ಲಿಂದ ಶುರುಮಾಡಿ ಒಂದೊಂದಾಗಿ ನನ್ನ ಮಾತನ್ನೇ ಆಡುತ್ತೇನೆ. ಯಜಮಾನರು ಬೇಡವೆಂದು ಎದ್ದು ಹೋಗುವ ಹಾಗಿಲ್ಲ. ನಾನು ಹೇಳದೆ ಈ ಬಸ್ಸು ಒಂದು ಗೇಣು ಕದಲುವುದಿಲ್ಲ.

ಎದುರಿನಿಂದ ಕುರಿಮಂದೆ ಬರುತ್ತಿತ್ತು. ಸದ್ಯಕ್ಕೆ ಅವಳು ರಾಚಮ್ಮನ ಕಡೆ ತಿರುಗಿ, ಅದರ ವಿಚಾರ ಹೇಳತೊಡಗಿದಳು.