ಹಳೇ ಪ್ರೊಸೆಸರು, ಸಿದ್ದಕ್ಕನ ಪದ

ತಿಪಟೂರಿನ ತೆಂಗಿನ ನಾರಿನ ಕಾರ್ಖಾನೆಯ ಪಕ್ಕಕ್ಕೆ ಜ್ಯೋತಿಲಕ್ಷ್ಮಿಯ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ತಿಥಿಯ ಕಾಗದ, ಇವೇ ಅಲ್ಲಿನ ಹೊಟ್ಟೆಪಾಡು. ಎರಡು ಸಾವಿರದ ಮೂರನೇ ಇಸವಿಯ ಮಾಘದಲ್ಲಿ ಮಾತ್ರ ಅವಳು ಹೊಟ್ಟೆಪಾಡಲ್ಲದ ಒಂದು ಕೆಲಸ ಹಚ್ಚಿಕೊಂಡಳು. ದಂಡಿನಶಿವರದ ಮುದುಕಿ ಸಿದ್ದಕ್ಕನಿಗೆ ಬಾಯಿಪಾಠವಾಗಿರುವ, ಊರ ದೇವತೆ ಅಮ್ಮನ ಪದವನ್ನು, ಅವಳು ಹೇಳುತ್ತ ಹೋದಂತೆ ಕಂಪ್ಯೂಟರಿಗೆ ಇಳಿಸುವುದು. ಒಂದು ತಾಸಿನ ಪದ. ಬೇರೆ ಯಾರಿಗೂ ಬಾರದು.

ಸಿದ್ದಕ್ಕನದೊಂದು ಕಟ್ಟಳೆ. ಕಾಲು ತೊಳೆದು ಕೂತು ಪದ ಎತ್ತಿದರೆ ನಡುವೆ ನಿಲ್ಲಿಸುವಂತಿಲ್ಲ. ನಿಂತರೆ ಮತ್ತೆ ಮೊದಲಿಂದ.

"ಕರ್ದಿರೋ ಅಮ್ಮನ್ನ ನಡುದಾರೀಲಿ ನಿಲ್ಲಿಸ್ಬಾರ್ದು ಕಣವ್ವ."

ಟೇಪ್ ರೆಕಾರ್ಡರಿಗೂ ಒಪ್ಪಲಿಲ್ಲ. "ಯಾವನೋ ಬೀಡಿ ಸೇದ್ತಾ ಹಾಕ್ಕೊಂಡು ಕುಂತ್ಕತಾನೆ. ಅಕ್ಷರ ಆದ್ರೆ ಓದೋಕಾದ್ರೂ ಮನ್ಸಿಡ್ಬೇಕು."

ಪೆನ್ನಿಗೆ ಆ ಪದದ ಓಟ ಸಿಗದು. ಜ್ಯೋತಿಲಕ್ಷ್ಮಿಯ ಬೆರಳಿಗೆ ಸಿಗುತ್ತಿತ್ತು. ಆದರೆ ಮೂರು ದಿನವೂ ಕಂಪ್ಯೂಟರು ಅರ್ಧದಲ್ಲಿ ಅಲ್ಲಾಡದೆ ನಿಂತುಬಿಟ್ಟಿತು. ಒಂದು ಸಲ ಹೇಳಿದ ಮಾತು ಇನ್ನೊಂದು ಸಲಕ್ಕೆ ಅಷ್ಟಿಷ್ಟು ಬದಲಾಗುವುದರಿಂದ ಈ ದಿನದ ಅರ್ಧಕ್ಕೆ ಆ ದಿನದ ಅರ್ಧ ಹೊಂದುವಂತಿರಲಿಲ್ಲ. ಮೂರನೇ ದಿನ ಸಿದ್ದಕ್ಕ ಕೆಮ್ಮುತ್ತ ಎದ್ದಳು.

"ನಾಳೆ ಇನ್ನೊಂದು ಕಿತ ಹೇಳ್ತೀನಿ. ಆಮೇಲೆ ಉಸ್ರಿಲ್ಲ, ಬುಡು."

ಸಂಜೆ ರಿಪೇರಿಯ ಇಮ್ದಾದ್ ಬಂದ. "ಐದು ವರ್ಷದ ಪ್ರೊಸೆಸರು, ಮುದುಕ ಆಯ್ತಕ್ಕಾ. ಬದ್ಲಾಯ್ಸಿ. ಬೋರ್ಡೂ ಹೊಸದೇ ಬೇಕು. ನಿಮ್ಮ ಹಳೇ ಕನ್ನಡ ಸಾಫ್ಟ್‌ವೇರು ಅದ್ರಲ್ಲಿ ಕೂರುತ್ತೆ ಅಂತ ಗ್ಯಾರಂಟಿ ಕೊಡೋಕಾಗಲ್ಲ."

"ಕೂರದಿದ್ರೆ?"

"ಬೇರೆ ಸಾಫ್ಟ್‌ವೇರು, ಅದ್ರ ಅಕ್ಷರದ ಕೀಗಳೇ ಬೇರೆ. ಕೈ ಪಳಗ್ಬೇಕು. ಒಂದು ತಿಂಗ್ಳು."

"ಅಲ್ಲೀಗಂಟ ಅಜ್ಜಿ ಉಸ್ರಿಗೆ ನೀನು ಗ್ಯಾರಂಟಿ ಕೊಡ್ತೀಯೇನಪ್ಪ?"

"ಅದಕ್ಕೆ ಮೇಲಿರೋನೇ ಮೆಕ್ಯಾನಿಕ್ ಅಕ್ಕಾ," ಎಂದ ಇಮ್ದಾದ್.

ಜ್ಯೋತಿಲಕ್ಷ್ಮಿ ಮೂರು ದಿನದ ಪದವನ್ನೂ ಮನಸ್ಸಿನಲ್ಲೇ ಕೇಳಿಸಿಕೊಂಡಳು. ಮೊದಲ ದಿನ ನಿಂತದ್ದು ಎಲ್ಲಿ? ಪದದಲ್ಲಿ ಅಮ್ಮ ಕೆಂಕೆರೆಯ ಕೆರೆಯ ಏರಿಯನ್ನು ಹತ್ತುವಾಗ. ಎರಡನೇ ದಿನ? ಅಲ್ಲೇ. ಮೂರನೇ ದಿನ ಎದುರಿಗೆ ಅಕ್ಷರ ಬಿಟ್ಟು ಬೇರೇನನ್ನೂ ತೆರೆಯದೆ ಕೆಲಸ ಹಗುರ ಮಾಡಿದ್ದಳು. ಆಗಲೂ ಏರಿಯ ಬುಡದಲ್ಲೇ. ಭಾರ ಹೊರಲಾರದ ಎತ್ತಾದರೆ ಗಾಡಿ ಹಗುರಾದ ದಿನ ನಾಲ್ಕು ಹೆಜ್ಜೆ ಮುಂದೆ ಹೋಗಬೇಡವೇ?

"ಇಮ್ದಾದ್, ಇದು ಕೈಲಾಗದೆ ನಿಲ್ತಿಲ್ಲ ಕಣಪ್ಪ. ಹೊತ್ತು ನೋಡ್ಕೊಂಡು ನಿಲ್ತಿದೆ. ಬಿಚ್ಚು."

ಬಿಚ್ಚಬೇಕಾದರೆ ಮೊದಲು ಕಂಪ್ಯೂಟರಿನ ಅಂಗಿ ಕಳಚಬೇಕಿತ್ತು. ನಾರಿನ ದೂಳು ತಾಗದಿರಲೆಂದು ಅವಳು ಪೆಟ್ಟಿಗೆಗೆ ಮಖಮಲ್ಲಿನ ಗವಸು ಹೊಲಿಸಿದ್ದಳು. ಆಯುಧಪೂಜೆಯಲ್ಲಿ ಕುಂಕುಮ ಇಟ್ಟ ದಿನದಿಂದ, ಕಂಪ್ಯೂಟರು ಓಡುವಾಗಲೂ ಅದನ್ನು ತೆಗೆದದ್ದಿಲ್ಲ. ಒಳಗೆ ಪ್ರೊಸೆಸರಿನ ಮೇಲಿನ ಫ್ಯಾನಿಗೆ ನಾರಿನ ದೂಳು ಕಂಬಳಿಯಂತೆ ಮೆತ್ತಿತ್ತು. ರೆಕ್ಕೆ ತಿರುಗಲೂ ಎಡೆಯಿಲ್ಲದೆ ಪ್ರೊಸೆಸರು ಅರ್ಧ ಪದದ ಹೊತ್ತಿಗೆ ಕಾದು ನಿಲ್ಲುತ್ತಿತ್ತು.

ಇಮ್ದಾದ್ ಬ್ರಷ್ ತೆಗೆದ. "ನಾನು ಮೊದ್ಲೇ ಬಿಚ್ಚಿ ನೋಡ್ಬೇಕಿತ್ತು. ಆದ್ರೂ ಅಕ್ಕಾ, ಬಿಸ್ಲಲ್ಲಿ ರಗ್ಗು ಹೊದಿಸಿ ಓಡು ಅಂದ್ರೆ ಪಾಪ ಅದೆಂಗೆ ಓಡುತ್ತೆ?"

ಭಕ್ತಿಯಿಂದಲೇ ಉಸಿರು ಕಟ್ಟಿಸಿದ್ದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಸಿದ್ದಕ್ಕ ಕಾಲು ತೊಳೆದು ಪದ ಎತ್ತಿದಳು. ಅಮ್ಮ ಏರಿಯ ಬುಡಕ್ಕೆ ಬಂದಳು. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಜ್ಯೋತಿಲಕ್ಷ್ಮಿಯ ಬೆರಳುಗಳೇ ನಿಂತವು. ಕಂಪ್ಯೂಟರು ನಿಲ್ಲಲಿಲ್ಲ, ಸಿದ್ದಕ್ಕನೂ ನಿಲ್ಲಲಿಲ್ಲ. ಎಚ್ಚರವಾಗುವಷ್ಟರಲ್ಲಿ ಎರಡು ಸಾಲು ದಾಟಿ ಹೋಗಿತ್ತು. 'ಅಜ್ಜೀ' ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿ, ಅಷ್ಟು ಜಾಗ ಬಿಟ್ಟು, ದನಿಯ ಹಿಂದೆ ಓಡಿದಳು. ಪದ ಕೊನೆ ಮುಟ್ಟಿತು.

"ಎರಡು ಸಾಲು ನನ್ನ ಕೈಯಿಂದ್ಲೇ ತಪ್ಪೋಯ್ತು ಅಜ್ಜಿ."

ಸಿದ್ದಕ್ಕ ಸೆರಗಿನಿಂದ ಹಣೆ ಒರೆಸಿಕೊಂಡಳು. "ಬರೀ ಆ ಎರಡೇ ಹೇಳು ಅಂದ್ರೆ ನಂಗೂ ಬರಕ್ಕಿಲ್ಲ ಕಣವ್ವ. ಓದೋರಿಗೆ ಉಸ್ರು ತಗಳಕ್ಕಾತದೆ, ಬುಡು."

ಪ್ರಿಂಟು ಕೈಗೆ ಬಂದಾಗ ಏರಿಯ ಹತ್ತಿರ ಎರಡು ಬೆರಳಿನಷ್ಟು ಬಿಳಿ ಜಾಗ ಹಾಗೇ ಉಳಿದಿತ್ತು. ಜ್ಯೋತಿಲಕ್ಷ್ಮಿ ಅದನ್ನು ಮುಚ್ಚಲು ಹೋಗಲಿಲ್ಲ.