ಹತ್ತಕ್ಕೆ ಎರಡು

ಗೆರೆ ಎಳೆದ ಹಾಳೆಯೋ, ಬಿಳಿ ಹಾಳೆಯೋ? ಆ ಶಾಲೆಯ ಸಿಬ್ಬಂದಿ ಕೋಣೆ ಇಷ್ಟು ಗಹನವಾದ ಪ್ರಶ್ನೆಯನ್ನು ಹಿಂದೆಂದೂ ಎದುರಿಸಿರಲಿಲ್ಲ. ಗಣಿತದವರು ಗೆರೆಯ ಪಕ್ಷ, ಚಿತ್ರಕಲೆಯವರು ಬಿಳಿಯ ಪಕ್ಷ, ಹೆಡ್‌ಮಾಸ್ಟರು ಎಂದಿನಂತೆ ಕೊನೆಗೆ ಮಾತಾಡಿದವರ ಪಕ್ಷ. ಮುಕ್ಕಾಲು ಗಂಟೆ ಹಾಳೆಯ ಮಾತೇ ನಡೆಯಿತು. ಅಷ್ಟು ಹೊತ್ತು ಡ್ರಿಲ್ ಮೇಷ್ಟ್ರ ಮಾತು ಎತ್ತದೆ ಇರಬಹುದಿತ್ತಲ್ಲ.

ಡ್ರಿಲ್ ಮೇಷ್ಟ್ರು ಹೋಗಿ ಮೂರು ವಾರವಾಗಿತ್ತು. ಶಾಲೆಯ ಪ್ರವಾಸದಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಕಾಲು ಜಾರಿ ಹೊಳೆಗೆ ಬಿದ್ದಳು. ಅವಳನ್ನು ಬಂಡೆಗೆ ಹತ್ತಿಸಿದ ಮೇಷ್ಟ್ರು ತಾವು ಮೇಲೆ ಬರಲಿಲ್ಲ. ಅವತ್ತಿನಿಂದ ಹುಡುಗಿ ತುಟಿ ಬಿಚ್ಚಿರಲಿಲ್ಲ. ಅವಳಪ್ಪ ಟಿ.ಸಿ.ಗೆ ಅರ್ಜಿ ಕೊಟ್ಟಾಗಿತ್ತು. "ಶುಕ್ರವಾರದವರೆಗೆ ನೋಡ್ತೀನಿ ಸಾರ್. ಇಲ್ಲಿ ಎಲ್ಲರೂ ಅವಳನ್ನ ಗಾಜಿನ ಲೋಟದ ಥರ ಮುಟ್ತಾರೆ."

ಹೊರಗಿನಿಂದ ಬಂದ ಆಪ್ತಸಮಾಲೋಚಕಿ ಮಕ್ಕಳಿಗೆ ಹಾಳೆ ಹಂಚಿ, ಅವತ್ತಿನ ಬಗ್ಗೆ ಮನಸ್ಸಿಗೆ ಬಂದದ್ದು ಬರೆಯಿರಿ ಅಂದರು.

"ಎಷ್ಟು ಮಾರ್ಕ್ಸಿಗೆ ಮಿಸ್?"

"ಮಾರ್ಕ್ಸ್ ಇಲ್ಲಪ್ಪ."

"ಹಾಗಾದ್ರೆ ಎಷ್ಟು ಸಾಲು?"

ಗೆರೆಯ ಪಕ್ಷವೇ ಗೆದ್ದಿತ್ತು, ಎಡವಟ್ಟಾದದ್ದೂ ಅಲ್ಲೇ. ರಬ್ಬರ್ ಬ್ಯಾಂಡ್ ಹಾಕಿದ ಆ ಕಟ್ಟು ಥೇಟ್ ಕಿರುಪರೀಕ್ಷೆಯ ಉತ್ತರಪತ್ರಿಕೆ. ಗುಮಾಸ್ತರು ಅದನ್ನು ಭಾಷೆ ಮೇಡಂ ಮೇಜಿನ ಮೇಲಿಟ್ಟರು. ಮೇಡಂಗೆ ಇಪ್ಪತ್ತಾರು ವರ್ಷದ ಸರ್ವಿಸು. ಫೋನಿನಲ್ಲಿ ತಂಗಿಯ ಅತ್ತೆಯ ಪುರಾಣ ಕೇಳುತ್ತಲೇ ನಲವತ್ತು ಪತ್ರಿಕೆ ತಿದ್ದಿ ಬಿಸಾಕಬಲ್ಲ ಕೈ ಅದು. ಭಾನುವಾರ ತಿದ್ದಿತು. 'ಅಕ್ಷರ ದುಂಡಗಿರಲಿ.' 'ಪರವಾಗಿಲ್ಲ.' ಸೋಮವಾರ ಬೆಳಿಗ್ಗೆ ಲೀಡರ್ ಹುಡುಗಿ ಎಲ್ಲರಿಗೂ ಹಂಚಿಯೂ ಬಿಟ್ಟಳು.

ಹನ್ನೊಂದು ಗಂಟೆಗೆ ಸಮಾಲೋಚಕಿ ಹಾಳೆಗಳನ್ನು ಕೇಳಿದಾಗಲೇ ಮೇಡಂಗೆ ತಾವು ತಿದ್ದಿದ್ದು ಯಾವ ಕಟ್ಟು ಎಂದು ಹೊಳೆದದ್ದು. ಒಂದು ಹಾಳೆಯಲ್ಲಿ ಒಂದೇ ಸಾಲಿತ್ತು: ಮೇಷ್ಟ್ರು ನನ್ನನ್ನು ಬಂಡೆಗೆ ಹತ್ತಿಸಿದರು. ಅದರ ಕೆಳಗೆ ತಾವೇ ಬರೆದದ್ದು ಈಗ ನೆನಪಾಯಿತು: 'ಉತ್ತರ ಸಾಲದು. ವಿವರಿಸು. 2/10.'

ಓಡಲು ಎದ್ದರೆ, ಬಾಗಿಲಲ್ಲೇ ಆ ಹುಡುಗಿ ನಿಂತಿದ್ದಳು. ಒಂಬತ್ತಕ್ಕಿಂತ ಕಡಿಮೆ ಎಂದೂ ತೆಗೆದವಳಲ್ಲ. ಮೂಗಿನ ತುದಿ ಕೆಂಪಾಗಿತ್ತು.

"ಎರಡೇನಾ ಮೇಡಂ?"

ಗಣಿತದವರ ಕೈಯ ಚಹಾ ಅಲ್ಲಾಡಿ ಪ್ಯಾಂಟಿನ ಮೇಲೆ ಬಿತ್ತು. ಮೇಡಂ ಕ್ಷಮೆ ಕೇಳಲು ಬಾಯಿ ತೆರೆದರು, ಹುಡುಗಿ ಬಿಡಲಿಲ್ಲ.

"ವಿವರಿಸು ಅಂತ ಬರೆದಿದ್ದೀರ. ಇಷ್ಟು ದಿನ ಯಾರೂ ಕೇಳ್ಲೇ ಇಲ್ಲ."

ಸಮಾಲೋಚಕಿ ಬೇಡವೆಂಬಂತೆ ಕೈ ಎತ್ತಿದರು. ಮೇಡಂ ನೋಡಿದರು, ಆದರೂ ಕುರ್ಚಿ ಎಳೆದು ಕೊಟ್ಟರು. "ಕೂತ್ಕೋಮ್ಮ. ಹೇಳು."

"ಕೈ ಬಿಡಬೇಡ ಅಂದ್ರು. ನಾನು ಬಿಟ್ಟುಬಿಟ್ಟೆ."

"ಯಾಕೆ?"

"ಅವರು ಭಾರ ಇದ್ರು. ನಾನೂ ಜಾರ್ತಿದ್ದೆ."

ಅದು ನಿನ್ನ ತಪ್ಪಲ್ಲ ಎಂಬ ಮಾತು ಮೇಡಂ ನಾಲಗೆಯ ಮೇಲೆ ಬಂತು. ಆದರೆ ಅದನ್ನು ಊರಿಗೆ ಊರೇ ಹೇಳಿಯಾಗಿತ್ತು, ಯಾವ ತಪ್ಪು ಎಂದು ಕೇಳದೆಯೇ. ನುಂಗಿಕೊಂಡರು.

"ಆಮೇಲೆ?"

ಹುಡುಗಿ ಹೇಳಿದಳು. ಊಟದ ಬೆಲ್ಲು ಹೊಡೆಯಿತು, ಯಾರೂ ಏಳಲಿಲ್ಲ. ಡ್ರಿಲ್ ಮೇಷ್ಟ್ರ ಸ್ನೇಹಿತರೇ ಆಗಿದ್ದ ಹೆಡ್‌ಮಾಸ್ಟರು ಗೋಡೆಗೆ ಮುಖ ಮಾಡಿ ನಿಂತು ಅತ್ತರು. ಹುಡುಗಿ ಅವರ ಬೆನ್ನು ನೋಡುತ್ತ ಪೂರ್ತಿ ಹೇಳಿ ಮುಗಿಸಿದಳು.

ಶುಕ್ರವಾರ ಅವಳಪ್ಪ ಬಂದು ಅರ್ಜಿ ವಾಪಸ್ ತೆಗೆದುಕೊಂಡರು.