ಶಾಪ ಬರೆದ ಲಾಡಲೇಸಾಬ ಮಾಸ್ತರರು

ಬಬಲೇಶ್ವರದ ಸಾಲೆಯ ಲಾಡಲೇಸಾಬ ಮಾಸ್ತರರು ಚೈತ್ರದ ಉರಿಬಿಸಿಲಿನಲ್ಲೂ ಕರಿಯ ಕೋಟಿನ ಗುಂಡಿಗಳನ್ನು ಕೊರಳವರೆಗೆ ಹಾಕಿಕೊಂಡು, ನೆಲಕ್ಕೆ ನೋವಾದೀತೇನೋ ಎಂಬಷ್ಟು ಮೆಲ್ಲಗೆ, ಮಾತಿಗೊಮ್ಮೆ ‘ಖರೇನ ಹೇಳತೇನಿ’ ಎನ್ನುತ್ತ ನಡೆಯುವವರು. ಅಂಥವರು ಬರೆದ ಒಂದು ಸುಳ್ಳು ನನ್ನ ಮದುವೆಯನ್ನು ನಿಲ್ಲಿಸಿತ್ತು.

ಎಪ್ಪತ್ಮೂರನೆಯ ಇಸವಿ. ವಿಜಾಪುರದ ವಾರಪತ್ರಿಕೆಯೊಂದರಲ್ಲಿ ಐವರು ಸೇರಿ, ಒಬ್ಬರ ಹಿಂದೆ ಒಬ್ಬರು ಒಂದೊಂದು ಅಧ್ಯಾಯದಂತೆ, ಬಾದಶಾಹರ ಕಾಲದ ನಿಗೂಢ ಕಾದಂಬರಿ ಬರೆಯುತ್ತಿದ್ದರು. ಅದರಲ್ಲೊಂದು ಪಂಜಾ, ಮೊಹರಮ್ಮಿಗೆ ಹೊರತೆಗೆಯುವ ಹಿತ್ತಾಳೆಯ ಹಸ್ತ. ಅದನ್ನು ಬೆಳಗಿದ ಹೆಣ್ಣಿನ ಗಂಡ ವರ್ಷದೊಳಗೆ ಸಾಯುತ್ತಾನೆಂಬ ಶಾಪ ಹುಟ್ಟಿದ್ದು ಮಾಸ್ತರರ ಅಧ್ಯಾಯದಲ್ಲಿ. ಅವರು ಎಂದೂ ಕಾಣದ ಅಂಥದೇ ಪಂಜಾ ಮಮದಾಪುರದ ನಮ್ಮ ಮನೆಯಲ್ಲಿತ್ತು. ಹುಣಸೆಹುಳಿ ಹಚ್ಚಿ ಪ್ರತಿವರ್ಷ ಬೆಳಗುತ್ತಿದ್ದವಳು ನಾನು. ಕಳ್ಳಕವಟಗಿಯಲ್ಲಿ ನನಗೆ ಗೊತ್ತಾಗಿದ್ದ ವರನ ತಾಯಿ ಮದೀನಾಬಿ, ಯಾರೋ ಓದಿದ್ದನ್ನು ಕೇಳಿ, ನಿಶ್ಚಯದ ಸೀರೆಯನ್ನು ತಿರುಗಿ ತರಿಸಿಕೊಂಡರು.

ಉಳಿದ ನಾಲ್ವರು ಕಥೆಗೆ ಜೀವ ಬಂತೆಂದು ಹಿಗ್ಗಿದರಂತೆ. ಮಾಸ್ತರರು ಬಸ್ಸು ಹಿಡಿದು ಕಳ್ಳಕವಟಗಿಗೆ ಹೋದರು.

“ಖರೇನ ಹೇಳತೇನಿ ಅಕ್ಕಾರ, ಅದು ನಾ ಕಟ್ಟಿದ ಸುಳ್ಳ ಐತ್ರಿ.”

“ಸಾಲಿ ಕಲಿಸಾವ್ರು ಸುಳ್ಳ ಯಾಕ ಬರೀತೀರಿ?” ಎಂದರಂತೆ ಮದೀನಾಬಿ.

ಸೀರೆ ಮಾತ್ರ ತಿರುಗಿ ಬರಲಿಲ್ಲ. ಆ ಮೊಹರಮ್ಮಿಗೆ ಮಾಸ್ತರರು ಹೆಂಡತಿ ಶಹಜಾದಿಯನ್ನು ನಮ್ಮ ಮನೆಗೆ ಕರೆತಂದು, “ತಂಗಿ, ಈ ಸಲ ಇಕಿ ಬೆಳಗಲಿ” ಎಂದರು.

“ಇವರು ಬರಿಯೂದು, ನಾ ತಿಕ್ಕೂದು. ಮನ್ಯಾಗೂ ಇದ ನಡದೈತಿ ಬೇ” ಎಂದು ಆಕೆ ನಕ್ಕಳು. ಹುಣಸೆಹಣ್ಣು ಹಿಂಡುವ ಮೊದಲು ಒಮ್ಮೆ ಗಂಡನ ಮುಖ ನೋಡಿದಳು.

ಆ ಸುದ್ದಿ ಮದೀನಾಬಿಗೂ ಮುಟ್ಟಿತು. ಮುಂದೆ ತಿಂಗಳಿಗೊಂದು ಐತವಾರ, ಸಾಲೆಗೆ ರಜೆಯಿದ್ದ ದಿನ, ತಿಕೋಟಾದಲ್ಲಿ ಬಸ್ಸು ಬದಲಿಸಿ, ಮದೀನಾಬಿಯ ಅಂಗಳದಲ್ಲಿ ನಿಂತು, “ನಾ ಇನ್ನಾ ಜೀವಂತ ಅದೇನ್ರಿ ಅಕ್ಕಾರ” ಎಂದಷ್ಟೇ ಹೇಳಿ ಮಾಸ್ತರರು ಮರಳುತ್ತಿದ್ದರು. ವರ್ಷ ತುಂಬಲು ಒಂದು ತಿಂಗಳಿರುವಾಗ ಅವರಿಗೆ ಜ್ವರ ಬಂತು. ಶಹಜಾದಿ ಬಾಗಿಲಿಗೆ ಅಡ್ಡ ನಿಂತರೂ ಕೇಳದೆ ಹೋದರು.

“ಮಾರಿ ಯಾಕ ಬಾಡೇತ್ರಿ ಮಾಸ್ತರ?”

“ಬಿಸಲಿಗ್ರಿ.”

ಕೊರೆಯುವ ಚಳಿಯ ದಿನವದು. ಮದೀನಾಬಿ ಒಳಗೆ ಕರೆದು, ಮೊದಲ ಸಲ ಚಹಾ ಕೊಟ್ಟರಂತೆ.

ಮರುವರ್ಷದ ಮೊಹರಂ ಮುಗಿದ ವಾರವೇ ಆ ಸೀರೆ ನಮ್ಮ ಮನೆಗೆ ಬಂತು. ಗಂಡನೊಡನೆ ಮೂವತ್ತೆಂಟು ವರ್ಷ ಬಾಳಿದೆ.

ನಾಲ್ಕನೆಯ ಇಯತ್ತೆಗೇ ಸಾಲೆ ಬಿಟ್ಟ ನನಗೆ ಸಾಹಿತ್ಯದ ಹೆಚ್ಚುಕಡಿಮೆ ತಿಳಿಯದು. ಮಾಸ್ತರರ ಅಧ್ಯಾಯ ಅಷ್ಟೇನೂ ಚೆಂದವಿರಲಿಲ್ಲವೆಂದು ಓದಿದವರು ಹೇಳುತ್ತಾರೆ. ತಾವು ಕಟ್ಟಿದ ಕಥೆ ಮತ್ತೊಬ್ಬರ ಹೊಸ್ತಿಲಲ್ಲಿ ಬಿದ್ದರೆ ತಾವೇ ಬಾಗಿ ಎತ್ತಿಕೊಳ್ಳುವ ಇಂಥವರಿಗೆ ದೊಡ್ಡ ಹೆಸರು ಬರುವುದಿಲ್ಲ. ಎಲ್ಲೋ ಒಂದು ಮನೆಯ ಒಲೆ ಹೊತ್ತಿಕೊಳ್ಳುತ್ತದೆ, ಅಷ್ಟೇ.